ವರ್ಷಗಟ್ಟಲೆ ನಿಂತ ಹಳೇ ಕಾರು: ಮೊದಲು ಎಲ್ಲಿಗೆ ಕೈ ಹಾಕಬೇಕು?

ಪ್ರಶ್ನೆ: ತಾತ ಓಡಿಸುತ್ತಿದ್ದ ಮೋರಿಸ್ ಮೈನರ್ 1000 ಶೆಡ್ಡಿನಲ್ಲಿ ನಿಂತು ಸುಮಾರು 20 ವರ್ಷ ಆಯಿತು. 1959ರ ಗಾಡಿ, 948 ಸಿಸಿ ಎಂಜಿನ್. ಟೈರುಗಳು ಕೂತುಬಿಟ್ಟಿವೆ, ಸೀಟಿನೊಳಗೆ ಇಲಿ ಗೂಡು ಕಟ್ಟಿದೆ. ಆದರೆ ಯಾವ ಭಾಗವೂ ಕಳೆದುಹೋಗಿಲ್ಲ. ಹೊಸ ಬ್ಯಾಟರಿ ತಂದಿಟ್ಟಿದ್ದೇನೆ. ಜೋಡಿಸಿ, ಸ್ವಲ್ಪ ಪೆಟ್ರೋಲ್ ಹಾಕಿ ಒಮ್ಮೆ ಸ್ಟಾರ್ಟ್ ಮಾಡಿ ನೋಡಲಾ?

ಉತ್ತರ (ಹಳೇ ಕಾರುಗಳ ಮೆಕ್ಯಾನಿಕ್): ದಯವಿಟ್ಟು ಬೇಡ. ಬ್ಯಾಟರಿ ಸದ್ಯಕ್ಕೆ ಪಕ್ಕಕ್ಕಿರಲಿ. ಇಷ್ಟು ವರ್ಷ ನಿಂತ ಎಂಜಿನ್ನಿನಲ್ಲಿ ಬೇರಿಂಗು ಒಣಗಿರುತ್ತವೆ, ಸಿಲಿಂಡರ್ ಗೋಡೆಗೆ ತುಕ್ಕು ಹಿಡಿದು ಪಿಸ್ಟನ್ ರಿಂಗು ಅಂಟಿಕೊಂಡಿರಬಹುದು. ಸ್ಟಾರ್ಟರ್ ಮೋಟಾರಿಗೆ ಅದೆಲ್ಲ ಗೊತ್ತಾಗುವುದಿಲ್ಲ, ಒಂದೇ ಏಟಿಗೆ ಎಳೆಯುತ್ತದೆ. ರಿಂಗು ಮುರಿಯುತ್ತದೆ, ಇಲ್ಲವೇ ಅಂಟಿದ ವಾಲ್ವು ತನ್ನನ್ನು ತೆರೆಸುವ ಕಡ್ಡಿಯನ್ನು (ಪುಶ್‌ರಾಡ್) ಬಗ್ಗಿಸುತ್ತದೆ. ಇಪ್ಪತ್ತು ವರ್ಷದಲ್ಲಿ ಆಗದ ಹಾನಿ ಎರಡು ಸೆಕೆಂಡಿನಲ್ಲಿ ಆಗಿಬಿಡುತ್ತದೆ.

ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ವೈರಿಂಗ್, ಪೈಪು, ಕ್ಲಿಪ್ಪು, ಎಲ್ಲವನ್ನೂ. ಬಿಚ್ಚಿದ ಮೇಲೆ ಯಾವುದು ಎಲ್ಲಿತ್ತು ಅಂತ ನೆನಪಿರುವುದಿಲ್ಲ. ಆಮೇಲೆ ಇಲಿ ಗೂಡು. ಸೀಟಿನಲ್ಲಿ ಇದೆ ಅಂದರೆ ಏರ್ ಕ್ಲೀನರ್ ಒಳಗೂ, ಸೈಲೆನ್ಸರ್ ಕೊಳವೆಯಲ್ಲೂ ಇರಬಹುದು. ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿ, ನೀರು ಚಿಮುಕಿಸಿ ತೆಗೆಯಿರಿ. ಒಣಗಿದ್ದನ್ನು ಗುಡಿಸಬೇಡಿ, ಆ ಧೂಳು ಒಳ್ಳೆಯದಲ್ಲ.

ಎಂಜಿನ್ ವಿಷಯಕ್ಕೆ ಬಂದರೆ, ಹಳೇ ಎಣ್ಣೆ ಬಸಿದು ನೋಡಿ. ಹಾಲು ಬೆರೆತ ಕಾಫಿ ಬಣ್ಣ ಇದ್ದರೆ ನೀರು ಸೇರಿದೆ, ಅಲ್ಲಿಗೇ ನಿಲ್ಲಿಸಿ ತಿಳಿಸಿ. ಬರೀ ಕಪ್ಪಗಿದ್ದರೆ ಹೊಸ 20ಡಬ್ಲ್ಯೂ-50 ಎಣ್ಣೆ, ಹೊಸ ಫಿಲ್ಟರ್ ಹಾಕಿ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೂ ಎರಡು ಚಮಚ ಎಣ್ಣೆ ಬಿಡಿ, ಒಂದೆರಡು ದಿನ ಹಾಗೇ ಬಿಡಿ. ಗೇರ್ ನ್ಯೂಟ್ರಲ್ಲಿನಲ್ಲಿಟ್ಟು ಮುಂದಿನಿಂದ ಹ್ಯಾಂಡಲ್ ಹಾಕಿ ಕೈಯಲ್ಲಿ ನಿಧಾನಕ್ಕೆ ತಿರುಗಿಸಿ ನೋಡಿ.

ಪ್ರಶ್ನೆ (ಅದೇ ಸದಸ್ಯರು): ಎಣ್ಣೆ ಕಪ್ಪಗಿತ್ತು, ನೀರಿಲ್ಲ. ಆದರೆ ಹ್ಯಾಂಡಲ್ ಒಂದಿಂಚೂ ಕದಲುತ್ತಿಲ್ಲ. ಉದ್ದನೆ ಪೈಪು ಸಿಕ್ಕಿಸಿ ಬಲ ಹಾಕಲಾ?

ಉತ್ತರ: ಬಲ ಬೇಡ, ಸಮಯ ಕೊಡಿ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ ಮತ್ತು ಅಸಿಟೋನ್ ಸಮಸಮ ಬೆರೆಸಿ ಪ್ಲಗ್ ರಂಧ್ರದಲ್ಲಿ ಹಾಕಿ. ಇವೆರಡೂ ಬೇಗ ಬೇರೆಯಾಗುತ್ತವೆ, ಹಾಕುವ ಮುಂಚೆ ಚೆನ್ನಾಗಿ ಅಲ್ಲಾಡಿಸಿ. ಅಸಿಟೋನ್ ಬೆಂಕಿ ಬೇಗ ಹಿಡಿಯುತ್ತದೆ, ಹತ್ತಿರ ಬೀಡಿ, ಸಿಗರೇಟು, ವೆಲ್ಡಿಂಗ್ ಏನೂ ಬೇಡ. ಒಂದು ವಾರ ದಿನಾ ನೋಡಿ, ಇಳಿದುಹೋದಷ್ಟು ಮತ್ತೆ ತುಂಬಿ. ದಿನಕ್ಕೊಮ್ಮೆ ಹ್ಯಾಂಡಲ್ಲನ್ನು ಆ ಕಡೆ ಈ ಕಡೆ ಮೆಲ್ಲಗೆ ಒತ್ತಿ. ಕೂದಲೆಳೆಯಷ್ಟು ಕದಲಿದರೂ ಗೆದ್ದಂತೆ. ವಾರವಾದರೂ ಜಗ್ಗದಿದ್ದರೆ ಸಿಲಿಂಡರ್ ಹೆಡ್ ಬಿಚ್ಚಬೇಕು.

ಎಂಜಿನ್ ಸಡಿಲವಾದ ಮೇಲೆ ಅದರ ಮೇಲ್ಮುಚ್ಚಳ, ಅಂದರೆ ರಾಕರ್ ಕವರ್ ತೆಗೆಯಿರಿ. ಎಂಟು ವಾಲ್ವ್ ಸ್ಪ್ರಿಂಗುಗಳು ಸಾಲಾಗಿ ಕಾಣುತ್ತವೆ. ಒಬ್ಬರು ಹ್ಯಾಂಡಲ್ ತಿರುಗಿಸಲಿ, ನೀವು ಒಂದೊಂದನ್ನೇ ನೋಡಿ. ಕೆಳಗೆ ಹೋದದ್ದು ತಾನಾಗಿ ಮೇಲೆ ಬರಬೇಕು. ಕೆಳಗೇ ಉಳಿದು, ಅದನ್ನು ಒತ್ತುವ ರಾಕರ್ ತೋಳು ಸಡಿಲವಾಗಿ ಅಲ್ಲಾಡಿದರೆ ಆ ವಾಲ್ವ್ ಅಂಟಿದೆ. ಅದರ ಕಾಂಡಕ್ಕೆ ಎಣ್ಣೆ ಬಿಟ್ಟು ಕಾಯಿರಿ, ಮುಂದೆ ತಿರುಗಿಸಬೇಡಿ. ಎಲ್ಲ ಸರಿಯಿದ್ದರೆ ಆಗ ಬ್ಯಾಟರಿ ಜೋಡಿಸಿ. ಪ್ಲಗ್ ರಂಧ್ರಗಳ ಮೇಲೆ ಬಟ್ಟೆ ಮುಚ್ಚಿ, ಪ್ಲಗ್ ಇಲ್ಲದೆಯೇ ಸ್ಟಾರ್ಟರ್ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಎಣ್ಣೆ ಒತ್ತಡದ ದೀಪ ಆರಬೇಕು. ಅದು ಆರುವ ತನಕ ಪೆಟ್ರೋಲಿನ ಮಾತೇ ಬೇಡ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಬ್ಯಾಟರಿ ಜೋಡಿಸುವಾಗ ಮೈನಸ್ ವೈರು ಬಾಡಿಗೆ ತಾನೇ?

ಉತ್ತರ: ಒಳ್ಳೆಯದಾಯಿತು ಕೇಳಿದ್ದು. ಮೈನರ್‌ನಲ್ಲಿ ಉಲ್ಟಾ, ಪ್ಲಸ್ ಬಾಡಿಗೆ ಹೋಗುತ್ತದೆ. ಆ ಕಾಲದ ಬ್ರಿಟಿಷ್ ಗಾಡಿಗಳಲ್ಲಿ ಇದೇ ಪದ್ಧತಿ ಇತ್ತು. ನಡುವೆ ಯಾರಾದರೂ ಬದಲಿಸಿರಲೂಬಹುದು, ಹಾಗಾಗಿ ಹಳೇ ಕೇಬಲ್ ಎಲ್ಲಿಗೆ ಹೋಗಿದೆ ಅಂತ ನೋಡಿಕೊಂಡೇ ಹಾಕಿ. ಇಲಿ ಕಡಿದ ವೈರಿಗೆ ಟೇಪು ಸುತ್ತಬೇಡಿ, ಆ ತುಂಡನ್ನೇ ಬದಲಿಸಿ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲೇಬೇಕು.

ಪೆಟ್ರೋಲ್ ಟ್ಯಾಂಕಿನಲ್ಲಿ ಹಳೇದು ಇದ್ದರೆ ವಾರ್ನಿಷ್ ವಾಸನೆ ಬರುತ್ತದೆ. ಪೂರ್ತಿ ಬಸಿದು ಟ್ಯಾಂಕ್ ತೊಳೆಸಿ. ರಬ್ಬರ್ ಪೈಪುಗಳನ್ನೆಲ್ಲ ಹೊಸದು ಹಾಕಿ, ಎಥನಾಲ್ ಬೆರೆತ ಪೆಟ್ರೋಲ್ ತಡೆಯುವಂಥದ್ದು. ಹಳೇ ರಬ್ಬರ್ ಅದಕ್ಕೆ ಕರಗಿ ಸೋರುತ್ತದೆ. ಇಗ್ನಿಷನ್ ಆನ್ ಮಾಡಿದರೆ ಪೆಟ್ರೋಲ್ ಎಳೆಯುವ ಎಸ್‌ಯು ಕಂಪನಿಯ ಎಲೆಕ್ಟ್ರಿಕ್ ಪಂಪು ಟಿಕ್ ಟಿಕ್ ಅನ್ನಬೇಕು. ಸುಮ್ನಿದ್ದರೆ ಒಳಗಿನ ಪಾಯಿಂಟ್ ಮಂಕಾಗಿರುತ್ತದೆ, ಸ್ವಚ್ಛ ಮಾಡಿದರೆ ಬಹಳ ಸಲ ಎದ್ದುಬಿಡುತ್ತದೆ. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟಿನ ಅಂತರ 0.38 ಮಿ.ಮೀ., ಫೈರಿಂಗ್ ಕ್ರಮ (ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿ) 1-3-4-2.

ಪ್ರಶ್ನೆ (ಮೊದಲಿನ ಸದಸ್ಯರು): ಸ್ಟಾರ್ಟ್ ಆಯಿತು! ಹೊಗೆ ಸ್ವಲ್ಪ ಜಾಸ್ತಿ, ಆದರೆ ಓಡುತ್ತಿದೆ. ಮನೆಯವರೆಲ್ಲ ಒಂದು ಸುತ್ತು ಹೋಗೋಣ ಅಂತಿದ್ದಾರೆ. ಹೋಗಬಹುದಾ?

ಉತ್ತರ: ಓದಿ ನಿಜಕ್ಕೂ ಖುಷಿಯಾಯಿತು. ಹೊಗೆ ಸಿಲಿಂಡರಿನಲ್ಲಿ ಉಳಿದ ಎಣ್ಣೆಯದ್ದಾಗಿದ್ದರೆ ತಾನಾಗಿ ಕಡಿಮೆಯಾಗುತ್ತದೆ. ಆದರೆ ಸುತ್ತು ಬೇಡ, ಗೇಟಿನ ತನಕವೂ ಬೇಡ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಅವಸರಪಡುವುದು ಇಲ್ಲೇ.

ಈ ಗಾಡಿಯಲ್ಲಿ ಬ್ರೇಕಿಗೆ ಒಂದೇ ಸರ್ಕ್ಯೂಟ್. ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ, ಆ ನೀರು ಚಕ್ರದ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರಿನೊಳಗೆ ತುಕ್ಕು ಹಿಡಿಸುತ್ತದೆ. ಮುಂದಿನ ಚಕ್ರಕ್ಕೆ ಎರಡೆರಡು, ಹಿಂದಕ್ಕೆ ಒಂದೊಂದು, ಒಟ್ಟು ಆರು ಸಿಲಿಂಡರ್. ಆರನ್ನೂ ಬದಲಿಸಿ. ರಬ್ಬರ್ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿ ಮುಚ್ಚಿಕೊಂಡಿರುತ್ತದೆ, ಅವೂ ಹೊಸದಾಗಲಿ. ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ಡ್ರೈವರ್ ಕಾಲಡಿ, ಗಾಡಿಯ ನೆಲದ ಕೆಳಗಿದೆ. ಕಣ್ಣಿಗೆ ಬೀಳದ ಜಾಗ, ಅದಕ್ಕೇ ಎಲ್ಲರೂ ಮರೆಯುತ್ತಾರೆ. ಡ್ರಮ್ ಬಿಚ್ಚಿದಾಗ ಧೂಳನ್ನು ಗಾಳಿಯಿಂದ ಊದಬೇಡಿ. ಹಳೇ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿ.

ಮುಂದಿನ ಚಕ್ರ ಹೊರುವ ಥ್ರೆಡ್ ಇರುವ ಕೀಲುಗಳನ್ನು (ಟ್ರನಿಯನ್) ನೋಡದೆ ಬಿಡಬೇಡಿ. ಗ್ರೀಸ್ ಕಾಣದೆ ಅದರ ಥ್ರೆಡ್ ಸವೆದಿದ್ದರೆ ಓಡುವಾಗಲೇ ಚಕ್ರ ಮಡಚಿಕೊಳ್ಳುತ್ತದೆ. ಗಾಡಿಯನ್ನು ಜಾಕಿನಲ್ಲಿ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಅಲ್ಲಾಡಿಸಿ. ಸಡಿಲ ಕಂಡರೆ ಬಿಚ್ಚಿ ನೋಡಲೇಬೇಕು. ಟೈರಿನ ಮೇಲಿನ ಗೀರು ಎಷ್ಟೇ ಆಳವಿದ್ದರೂ 20 ವರ್ಷದ ರಬ್ಬರ್ ನಂಬುವಂಥದ್ದಲ್ಲ, ಸ್ಟೆಪ್ನಿ ಸೇರಿ ಐದೂ ಹೊಸದು ಹಾಕಿ.

ಪ್ರಶ್ನೆ (ಮತ್ತೊಬ್ಬರು): ಪೇಂಟ್ ಪೂರ್ತಿ ಕೆರೆದು ಹೊಸದು ಹೊಡೆಸುವುದು ಒಳ್ಳೆಯದಲ್ವಾ?

ಉತ್ತರ: ನನ್ನ ಕೇಳಿದರೆ ಬೇಡ. ತುಕ್ಕು ಹಿಡಿದ ನೆಲ, ಸಿಲ್ (ಬಾಗಿಲ ಕೆಳಗಿನ ಪಟ್ಟಿ) ರಿಪೇರಿ ಮಾಡಿಸಿ. ಉಳಿದ ಬಣ್ಣವನ್ನು ತೊಳೆದು, ಪಾಲಿಶ್ ಹಾಕಿ ಒಂದು ವರ್ಷ ಓಡಿಸಿ. ಹೊಸ ಬಣ್ಣ ಯಾವಾಗ ಬೇಕಾದರೂ ಹೊಡೆಸಬಹುದು, ಫ್ಯಾಕ್ಟರಿಯ ಬಣ್ಣ ಕೆರೆದರೆ ಹೋಯಿತು.

ಪ್ರಶ್ನೆ (ಮೊದಲಿನ ಸದಸ್ಯರು): ಬ್ರೇಕ್ ಕೆಲಸ ಶುರುವಾಗಿದೆ. ಆದರೆ ಎಂಜಿನ್ ಓಡುವಾಗ ಕ್ಲಚ್ ಒತ್ತಿದರೂ ಗೇರ್ ಬೀಳುತ್ತಿಲ್ಲ, ಕರಕರ ಅನ್ನುತ್ತದೆ.

ಉತ್ತರ: ಕ್ಲಚ್ ಪ್ಲೇಟು ಫ್ಲೈವೀಲಿಗೆ ತುಕ್ಕಿನಿಂದ ಅಂಟಿರಬಹುದು. ಮೊದಲು ಪೆಡಲ್ ರಾಡಿನ ಅಡ್ಜಸ್ಟ್‌ಮೆಂಟ್ ನೋಡಿ. ಅದು ಸರಿಯಿದ್ದರೆ ಎಂಜಿನ್ ಬಿಸಿ ಮಾಡಿ ಆಫ್ ಮಾಡಿ. ಪೆಡಲ್ ಪೂರ್ತಿ ಒತ್ತಿ, ಸೀಟಿಗೂ ಪೆಡಲ್ಲಿಗೂ ನಡುವೆ ಮರದ ತುಂಡು ಸಿಕ್ಕಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಟಾಪ್ ಗೇರಿಗೆ ಹಾಕಿ, ಇಗ್ನಿಷನ್ ಆಫ್ ಇಟ್ಟು ಗಾಡಿಯನ್ನು ಹಿಂದೆ ಮುಂದೆ ತಳ್ಳಿ. ಬಿಟ್ಟುಕೊಂಡರೆ ಟಕ್ ಅಂತ ಗೊತ್ತಾಗುತ್ತದೆ. ಎರಡು ಮೂರು ರಾತ್ರಿ ನೋಡಿ, ಬಿಡದಿದ್ದರೆ ಎಂಜಿನ್ ಇಳಿಸಿ ಪ್ಲೇಟ್ ಬದಲಿಸುವುದೇ ಸರಿ.