ಅಪ್ಪನಿಗೆ ಗಾಳ, ನನಗೆ ಗುಡ್ಡ, ಮಗಳಿಗೆ ಹುಳು: ಹತ್ತಿರದಲ್ಲೇ ಒಂದು ಜಾಗ ಹುಡುಕೋದು ಹೇಗೆ?

ಕೇಳಿದವರು: ಮೂರುಚಟ

ಈ ಊರಿಗೆ ಬಂದು ಎಂಟು ತಿಂಗಳಾಯ್ತು. ಮನೆಯಲ್ಲಿ ಮೂರು ತಲೆಮಾರು, ಮೂರು ಚಟ. ಅಪ್ಪನಿಗೆ ಗಾಳ ಹಾಕಿ ಕೂರಬೇಕು. ನನಗೆ ಏರು ಹತ್ತಿ ಮೈ ಬೆವರಬೇಕು. ಏಳು ವರ್ಷದ ಮಗಳಿಗೆ ಸಿಕ್ಕ ಸಿಕ್ಕ ಕಲ್ಲೆತ್ತಿ ಅಡಿಯಲ್ಲೇನಿದೆ ಅಂತ ನೋಡಬೇಕು. ಮೂರೂ ಒಂದೇ ಕಡೆ ಸಿಗೋ, ಗಾಡಿಯಲ್ಲಿ ಒಂದು ಗಂಟೆಯೊಳಗೆ ತಲುಪೋ ಜಾಗ ಬೇಕು.

ಹುಡುಕಿದಾಗಲೆಲ್ಲ ಅದೇ ಐದು ಜಾಗ ಎದುರು ಬರ್ತವೆ. ಹೋದ ಭಾನುವಾರ ಅದರಲ್ಲೊಂದಕ್ಕೆ ಹೋದ್ವಿ. ಗಾಡಿ ನಿಲ್ಲಿಸೋಕೇ ನಲವತ್ತು ನಿಮಿಷ. ಮೇಲೆ ಸೆಲ್ಫಿಗೆ ಸಾಲು, ಯಾರದೋ ಸ್ಪೀಕರಿನಲ್ಲಿ ಹಾಡು. ಅಪ್ಪ ಗಾಳದ ಚೀಲದ ಜಿಪ್ಪನ್ನೇ ಎಳೆಯಲಿಲ್ಲ. ವಾಪಸ್ ಬರುವಾಗ "ಇಷ್ಟು ದೊಡ್ಡ ಭೂಮಿ ಮೇಲೆ ನಂಗೊಂದು ದಡ ಇಲ್ವಲ್ಲೋ" ಅಂದರು. ತಮಾಷೆಗೇ ಅಂದದ್ದು, ಆದರೂ ಚುಚ್ಚಿತು.

ಜಾಗದ ಹೆಸರು ಬೇಡ. ಗೊತ್ತಿಲ್ಲದ ಊರಲ್ಲಿ ನೀವು ಹೇಗೆ ಹುಡುಕ್ತೀರಿ, ಅದನ್ನ ಹೇಳಿ.

ಉತ್ತರ: ಕಾಲುದಾರಿ

ಫೋಟೋ ನೋಡಿ ಜಾಗ ಹುಡುಕೋದನ್ನ ಮೊದಲು ಬಿಡಿ. ಫೋಟೋ ಇದೆ ಅಂದರೆ ನಿಮಗಿಂತ ಮುಂಚೆ ಜನ ಹೋಗಿದ್ದಾರೆ ಅಂತಲೇ ಅರ್ಥ. ನಕ್ಷೆ ಬಿಚ್ಚಿ. ನಾನು ಬಳಸೋದು ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಶುರುವಾದದ್ದು, ಜನರೇ ಸೇರಿ ಬರೆದದ್ದು, ಬಿಟ್ಟಿ. ಗಾಡಿ ಓಡಿಸೋರ ನಕ್ಷೆಗಳಲ್ಲಿ ಕಾಣದ ಕಾಲುದಾರಿಗಳು ಇದರಲ್ಲಿ ಚುಕ್ಕೆಗೆರೆಯಾಗಿ ಸಿಗ್ತವೆ. ಅದೇ ಮಾಹಿತಿ ಇಟ್ಟುಕೊಂಡು ಏರಿಳಿತವನ್ನೂ ತೋರಿಸೋದು ಓಪನ್‌ಟೋಪೋಮ್ಯಾಪ್.

ಮೂರು ಜನರ ಮೂರು ಆಸೆಯಲ್ಲಿ ಹಠಮಾರಿ ಯಾವುದು? ನೀರು. ಏರು ಎಲ್ಲಾದರೂ ಸಿಗುತ್ತೆ, ಹುಳ ಎಲ್ಲೆಲ್ಲೂ ಇರುತ್ತೆ. ಆದ್ದರಿಂದ ಮೊದಲು ನೀಲಿ ಗೆರೆ ಹಿಡಿಯಿರಿ. ಹೊಳೆ ಹಿಡಿದು ಬೆರಳಾಡಿಸ್ತಾ ಹೋದರೆ ಒಂದು ಕಡೆ ಚುಕ್ಕೆಗೆರೆ ಅದರ ಪಕ್ಕಕ್ಕೆ ಬಂದು ಜೊತೆಗೇ ನಡೆಯುತ್ತೆ. ಅಲ್ಲಿ ಬೆರಳು ನಿಲ್ಲಿಸಿ. ಆಮೇಲೆ ಸುತ್ತಲಿನ ಕಂದು ಗೆರೆ ನೋಡಿ, ಒಂದೊಂದು ಗೆರೆಯೂ ಒಂದೇ ಎತ್ತರದ ಜಾಗಗಳನ್ನ ಸೇರಿಸುತ್ತೆ. ಗೆರೆಗಳು ಒತ್ತಾಗಿದ್ದರೆ ಕಡಿದಾದ ಏರು, ಬಿಡಿಬಿಡಿಯಾಗಿದ್ದರೆ ಬಯಲು. ಗೆರೆ ಬಾಗಿ ಅದರ ಮೊನೆ ಎತ್ತರದ ಕಡೆ ಚಾಚಿದ್ದರೆ ಅದು ಕಣಿವೆ, ತಗ್ಗಿನ ಕಡೆ ಚಾಚಿದ್ದರೆ ಏಣು. ಒಂದು ದಡ ಬಯಲು, ಇನ್ನೊಂದು ದಡ ಏರು ಇರೋ ತಿರುವು ಸಿಕ್ಕಿತು ಅಂದ್ಕೊಳ್ಳಿ, ನಿಮ್ಮ ಮನೆ ಜಗಳ ಅಲ್ಲಿಗೆ ಮುಗೀತು.

ಎಷ್ಟು ಹೊತ್ತು ಬೇಕು ಅನ್ನೋದಕ್ಕೆ 1892ರಲ್ಲಿ ನೈಸ್ಮಿತ್ ಅನ್ನೋ ಸ್ಕಾಟ್ಲೆಂಡಿನ ಬೆಟ್ಟಗಾರ ಹಾಕಿಕೊಟ್ಟ ಲೆಕ್ಕ ಇವತ್ತಿಗೂ ನಡೀತಿದೆ: 5 ಕಿಲೋಮೀಟರಿಗೆ ಒಂದು ಗಂಟೆ, ಹತ್ತಿದ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಇದನ್ನ ಮಕ್ಕಳ ಮೇಲೆ ಪ್ರಯೋಗ ಮಾಡಬೇಡಿ. ಅಕ್ಕನ ಮಗನನ್ನ ಕರ್ಕೊಂಡು ಹೋದಾಗ ನಾನು ಗೆರೆ ಎಣಿಸಿದ್ದೆ. ಗೆರೆಗೆ 20 ಮೀಟರಿನಂತೆ 22 ಗೆರೆ, ಅಂದರೆ 440 ಮೀಟರ್ ಏರು, 7 ಕಿಲೋಮೀಟರ್ ದೂರ. ಲೆಕ್ಕಕ್ಕೆ ಎರಡು ಗಂಟೆ ಎಂಟು ನಿಮಿಷ. ಹಿಡಿದದ್ದು ನಾಲ್ಕೂಕಾಲು ಗಂಟೆ, ಅದರಲ್ಲಿ ಮುಕ್ಕಾಲು ಗಂಟೆ ಒಂದು ಇರುವೆ ಸಾಲಿನ ಮುಂದೆ.

ಇನ್ನೊಂದು ಪೆಟ್ಟು ತಿಂದ ಮಾತು. ಚುಕ್ಕೆಗೆರೆ ನಂಬಿ ಹೋಗಿ ಎದೆಮಟ್ಟದ ಮುಳ್ಳುಪೊದೆಯಲ್ಲಿ ಸಿಕ್ಕಿಕೊಂಡಿದ್ದೇನೆ. ಮನೆಗೆ ಬಂದು ನೋಡಿದರೆ ಆ ದಾರಿಯನ್ನ ಯಾರೋ ಗುರುತು ಮಾಡಿ ಒಂಬತ್ತು ವರ್ಷ ಆಗಿತ್ತು. ದಾರಿಯನ್ನ ಆಯ್ಕೆ ಮಾಡಿದರೆ ಯಾವಾಗ ತಿದ್ದಿದ್ದು ಅಂತ ಬರುತ್ತೆ, ಅದನ್ನೂ ನೋಡಿ. ನಕ್ಷೆಯಲ್ಲಿ ದಾರಿ ಇದೆ ಅಂದಮಾತ್ರಕ್ಕೆ ನಡೆಯೋ ಹಕ್ಕೂ ಇದೆ ಅಂತಲ್ಲ. ಬೇಲಿ ಕಂಡರೆ ಅಲ್ಲಿಗೇ ನಿಂತು ಕೇಳಿ. ಮೊದಲ ಸಲ ಒಬ್ಬರೇ ಹೋಗಿ ಬನ್ನಿ, ಅಪ್ಪ-ಮಗಳು ಎರಡನೇ ಸಲಕ್ಕೆ.

ಉತ್ತರ: ತೇಲುಬೆಂಡು

ಅಪ್ಪನ ಪರವಾಗಿ ನಾಲ್ಕು ಮಾತು. ನೀರು ಇದ್ದ ಮಾತ್ರಕ್ಕೆ ಮೀನು ಇರಲ್ಲ. ಮೀನಿಗೆ ಬೇಕಾದ್ದು ನೀರಲ್ಲಿ ಕರಗಿದ ಆಮ್ಲಜನಕ. ನೀರು ಬಿಸಿಯಾದಷ್ಟೂ ಅದು ಕಮ್ಮಿ. ಹೆಚ್ಚೆಂದರೆ 0 ಡಿಗ್ರಿಯ ಸಿಹಿನೀರಲ್ಲಿ ಲೀಟರಿಗೆ ಸುಮಾರು 14.6 ಮಿಲಿಗ್ರಾಂ ಕರಗುತ್ತೆ, 30 ಡಿಗ್ರಿಯಲ್ಲಿ ಸುಮಾರು 7.5. ಅರ್ಧಕ್ಕರ್ಧ ಹೋಯ್ತು ನೋಡಿ. ಅದಕ್ಕೇ ಬೇಸಿಗೆಯಲ್ಲಿ ಕಲ್ಲಿಗೆ ಬಡಿದು ನೊರೆಯೇಳೋ ಕಡೆ, ತೊರೆ ಬಂದು ಸೇರೋ ಕಡೆ, ಮರದ ನೆರಳು ಬೀಳೋ ಕಡೆ ನೋಡಬೇಕು. ಬೆಳಗಿನ ಜಾವವೇ ಒಳ್ಳೇದು ಅಂತ ಎಲ್ಲರೂ ಹೇಳ್ತಾರೆ. ಹರಿಯೋ ನೀರಿಗೆ ಸರಿ. ಜೊಂಡು, ಪಾಚಿ ತುಂಬಿದ ನಿಂತ ನೀರಲ್ಲಿ ಗಿಡಗಳೂ ರಾತ್ರಿಯಿಡೀ ಆಮ್ಲಜನಕ ಎಳೀತವೆ, ಹೊತ್ತು ಹುಟ್ಟೋ ಮುಂಚೆ ಅಲ್ಲಿ ಮೀನು ಮಂಕಾಗಿರುತ್ತೆ. ಬಿಸಿಲೇರಲಿ, ಆಮೇಲೆ ಗಾಳ ಬಿಡಿ.

ದಡ ಓದೋದನ್ನ ಕಲೀರಿ. ಹುಲ್ಲು ಒಂದೇ ಕಡೆ ಆಸನದಷ್ಟು ಸವೆದಿದ್ದರೆ, ಕವಲುಕಡ್ಡಿ ನೆಟ್ಟಿದ್ದರೆ, ಕೊಂಬೆಯಲ್ಲಿ ನೈಲಾನ್ ದಾರದ ಸಿಕ್ಕು ನೇತಾಡ್ತಿದ್ದರೆ ಅಲ್ಲಿ ಯಾರೋ ದಿನಾ ಕೂರ್ತಾರೆ, ಸುಮ್ಮಸುಮ್ಮನೆ ಕೂರಲ್ಲ. (ಆ ದಾರ ಕಂಡರೆ ಬಿಡಿಸಿ ಜೇಬಿಗೆ ಹಾಕ್ಕೊಳ್ಳಿ. ನೀರುಕಾಗೆಯೊಂದರ ಕಾಲಿಗೆ ಸುತ್ತಿದ್ದನ್ನ ಕಣ್ಣಾರೆ ನೋಡಿದ್ದೇನೆ.) ಪೋಲರೈಸ್ಡ್ ಕನ್ನಡಕ ಒಂದಿದ್ದರೆ ನೀರಿನ ಮೇಲಿನ ಹೊಳಪು ಸತ್ತು ತಳ ಕಾಣುತ್ತೆ. ನಾನು ದುಬಾರಿ ರಾಡಿಗಿಂತ ಅದಕ್ಕೇ ಮೊದಲು ಮಣೆ ಹಾಕ್ತೀನಿ.

ಪರವಾನಗಿ ಬೇಕಾ, ಮೀನು ಮೊಟ್ಟೆ ಇಡೋ ಕಾಲದಲ್ಲಿ ನಿಷೇಧ ಇದೆಯಾ ಅಂತ ಅಲ್ಲಿನ ಮೀನುಗಾರಿಕೆ ಇಲಾಖೆಯನ್ನೇ ಕೇಳಿ. ಅಣೆಕಟ್ಟೆ ಕೆಳಗಡೆ ಮಾತ್ರ ಕೂರಲೇಬೇಡಿ. ಆಕಾಶದಲ್ಲಿ ಮೋಡ ಇಲ್ಲದಿದ್ದರೂ ನೀರು ಬಿಟ್ಟುಬಿಡ್ತಾರೆ.

ಉತ್ತರ: ಜೀರುಂಡೆ

ಮಗಳ ಪರವಾಗಿ ನಾನು. ಹಕ್ಕಿ ನೋಡೋರು ಕಂಡದ್ದನ್ನ ದಾಖಲಿಸೋ ಇಬರ್ಡ್ ತಾಣ ತೆರೆದು ಹಾಟ್‌ಸ್ಪಾಟ್ ನಕ್ಷೆ, ಅಂದರೆ ಅವರು ಹಕ್ಕಿ ನೋಡೋಕೆ ಹೋಗೋ ಜಾಗಗಳ ನಕ್ಷೆ ನೋಡಿ. ಕಾರ್ನೆಲ್ ಪಕ್ಷಿ ಪ್ರಯೋಗಾಲಯದವರು 2002ರಿಂದ ನಡೆಸ್ತಿರೋದು. ಹಕ್ಕಿ ನೋಡೋರು ಸದ್ದು ಮಾಡದೆ ಓಡಾಡೋ ಜನ, ಅವರ ಗುರುತು ಬಿದ್ದ ಕಡೆ ಸ್ಪೀಕರ್ ಕೇಳ್ಸೋದು ಅಪರೂಪ. ಪಟ್ಟಿ ಯಾವ ತಿಂಗಳದ್ದು ಅಂತ ನೋಡೋದು ಮರೀಬೇಡಿ. ವಲಸೆ ಹಕ್ಕಿಯ ಕಾಲದಲ್ಲಿ ತುಂಬಿದ್ದ ಕೆರೆ ಇನ್ನೊಂದು ಕಾಲದಲ್ಲಿ ಬರೀ ಬಿರುಕುಬಿಟ್ಟ ಕೆಸರು. ಹುಳು-ಗಿಡಕ್ಕೆ ಇಂಥದ್ದೇ ಇನ್ನೊಂದು ತಾಣ ಐನ್ಯಾಚುರಲಿಸ್ಟ್. ಕಲ್ಲೆತ್ತಿದರೆ ಹಾಗೇ ವಾಪಸ್ ಇಡಬೇಕು ಅಂತ ಮಗಳಿಗೆ ಹೇಳಿಕೊಡಿ, ಅದು ಯಾರದೋ ಮನೆಯ ಸೂರು. ಎತ್ತುವಾಗ ಆ ಕಡೆಯ ಅಂಚು ಹಿಡಿದು ತನ್ನ ಕಡೆಗೆ ಎತ್ತಲಿ, ಅಡಿಯಲ್ಲಿ ಹಾವು-ಚೇಳು ಇದ್ದರೆ ಕಲ್ಲೇ ಅಡ್ಡ ಇರುತ್ತೆ.

ಉತ್ತರ: ಮುಗುಮ್ಮಾಗಿ

ಎಲ್ಲಾ ಸರಿ. ಸಿಕ್ಕಮೇಲೆ ದಯವಿಟ್ಟು ಇಲ್ಲಿ ಬಂದು ಪಿನ್ ಹಾಕಬೇಡಿ. ಆರು ವರ್ಷ ನನ್ನದಾಗಿದ್ದ ದಡ ಒಂದೇ ಒಂದು ವಿಡಿಯೋಗೆ ಹೋಯ್ತು.

ಕೇಳಿದವರು: ಮೂರುಚಟ

ಸಿಕ್ತು! ಪಿನ್ ಹಾಕಲ್ಲ. ಮನೆಯಿಂದ ಮೂವತ್ತೈದು ನಿಮಿಷ. ನಾನು ವಾರಕ್ಕೆರಡು ಸಲ ದಾಟೋ ಸೇತುವೆಯಿಂದ ಒಂದೂವರೆ ಕಿಲೋಮೀಟರ್ ಮೇಲಕ್ಕೆ. ಶನಿವಾರ ಒಬ್ಬನೇ ಹೋಗಿದ್ದೆ. ತಿರುವಿನಲ್ಲಿ ನೊರೆ ಇದೆ, ನೆರಳಿದೆ, ಸವೆದ ಹುಲ್ಲಿನ ಆಸನವೂ ಇದೆ. ಅದರ ಯಜಮಾನರು ಅಲ್ಲೇ ಕೂತಿದ್ದರು. ಏನು ಸಿಗುತ್ತೆ ಅಂತ ಕೇಳಿದೆ, "ಏನೂ ಸಿಗಲ್ಲ" ಅಂದು ಬುಟ್ಟಿಯ ಮುಚ್ಚಳ ಹಾಕಿದರು. ಅಪ್ಪನಿಗೆ ಇದನ್ನ ಹೇಳಿದ ತಕ್ಷಣ ಎದ್ದು ಹೋಗಿ ಗಾಳ ಉಜ್ಜೋಕೆ ಕೂತರು.

ಒಂದೇ ಅನುಮಾನ. ಚುಕ್ಕೆಗೆರೆ ಒಂದು ಕಡೆ ಹೊಳೆ ದಾಟುತ್ತೆ, ಸೇತುವೆ ಗುರುತಿಲ್ಲ. ಏರು ಇರೋದು ಆಚೆ ದಡದಲ್ಲಿ.

ಉತ್ತರ: ಕಾಲುದಾರಿ

ಅಂದರೆ ಕಾಲಲ್ಲೇ ದಾಟೋ ಜಾಗ. ಮೇಲ್ಗಡೆ ಮಳೆಯಾದ ದಿನ ಬೇಡವೇ ಬೇಡ. ಮಿಕ್ಕ ದಿನ ಕೋಲು ಊರಿ ನೋಡಿ. ನೀರು ಮೊಣಕಾಲಿಗೆ ಬಂದರೆ, ಇಲ್ಲಾ ತಳ ಕಾಣದಷ್ಟು ರಾಡಿಯಾಗಿದ್ದರೆ ಅವತ್ತು ಗುಡ್ಡ ರದ್ದು, ಮಗಳ ಜೊತೆ ಕಲ್ಲೆತ್ತಿ.