ಒಂಬತ್ತು ವರ್ಷದ ಮಗಳಿಗೆ ಪಿಯಾನೋ: ಮೊದಲು ಯಾವ ಪುಸ್ತಕ ಕೊಡಿಸಲಿ?

ಡೊಂಬಿವಲಿ_ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳು ಪಿಯಾನೋ ಶುರುಮಾಡಿ ಎರಡು ತಿಂಗಳಾಯಿತು. ಮನೆಯಲ್ಲಿರುವುದು 61 ಕೀಗಳ ಕೀಬೋರ್ಡ್. ಪಕ್ಕದ ಮನೆಯವರು ಹ್ಯಾನನ್ ಪುಸ್ತಕ ಕೊಟ್ಟರು. ನಾಲ್ಕು ಸಾಲು ನುಡಿಸುವಷ್ಟರಲ್ಲಿ ಎದ್ದುಬಿಡುತ್ತಾಳೆ. ಬೇರೆ ಯಾವುದು ತರಲಿ?

ಮಾಟುಂಗಾ_ಕಪ್ಪುಬಿಳಿ:
ಮೇಡಂ, ಹ್ಯಾನನ್ ಸದ್ಯಕ್ಕೆ ಕಪಾಟಿನಲ್ಲಿರಲಿ. ಅದರಲ್ಲಿರುವುದು ಹಾಡಲ್ಲ, ಬೆರಳಿನ 60 ವ್ಯಾಯಾಮ. ನಮ್ಮ ಸರಳೆ ವರಸೆ ಇದ್ದ ಹಾಗೆ. ಆದರೆ ಸರಳೆಯನ್ನು ಗುರುಗಳು ಎದುರಿಗೆ ಕೂತು ಹೇಳಿಕೊಡುತ್ತಾರೆ, ಮಗು ಕೇಳಿ ಹಾಡುತ್ತದೆ. ಇಲ್ಲಿ ಸ್ವರಲಿಪಿಯನ್ನು ಕಣ್ಣಿನಿಂದ ಓದಲೂ ಬೇಕಲ್ವಾ? ಓದು ಇನ್ನೂ ಕೂಡಿಬಾರದ ಮಗುವಿಗೆ ಆ ಒತ್ತೊತ್ತಾದ ಕಪ್ಪು ಚುಕ್ಕೆಗಳು ತುಂಬಾ ಜಾಸ್ತಿ.

ನನ್ನ ಮಗನ ಮೊದಲ ಪುಸ್ತಕದಲ್ಲಿ ಹೆಚ್ಚುಕಡಿಮೆ ಪ್ರತಿ ಸ್ವರದ ಮೇಲೂ ಬೆರಳಿನ ಸಂಖ್ಯೆ ಅಚ್ಚಾಗಿತ್ತು. ಎರಡೂ ಹೆಬ್ಬೆರಳು ಮಿಡಲ್ ಸಿ, ಅಂದರೆ ಪಿಯಾನೋ ನಡುವಿನ 'ಸಿ' ಸ್ವರದ ಕೀ ಮೇಲೆ. ಆರು ತಿಂಗಳು ಚೆನ್ನಾಗಿಯೇ ನುಡಿಸಿದ. ಒಂದು ದಿನ ಸುಮ್ನೆ ಆ ಸಂಖ್ಯೆಗಳ ಮೇಲೆ ಬಿಳಿ ಕಾಗದದ ಪಟ್ಟಿ ಅಂಟಿಸಿದೆ. ಗೊತ್ತಿದ್ದ ಹಾಡೇ, ಎರಡನೇ ಸಾಲಿಗೆ ಕೈ ನಿಂತುಹೋಯಿತು. ಅಷ್ಟು ದಿನ ಅವನು ಓದುತ್ತಿದ್ದದ್ದು ಒಂದು, ಮೂರು, ಐದು ಅಂತ. ಸ್ವರವನ್ನಲ್ಲ. ನನಗೆ ತುಂಬಾ ಸಂಕಟವಾಯಿತು.

ಆಮೇಲೆ ಫೇಬರ್ ದಂಪತಿಯ 'ಪಿಯಾನೋ ಅಡ್ವೆಂಚರ್ಸ್' ಪ್ರೈಮರ್, ಅಂದರೆ ಮೊದಲ ಹಂತದ ಪುಸ್ತಕ ತಂದೆ. ಅದು ಎರಡು-ಮೂರರ ಗುಂಪಿನ ಕಪ್ಪು ಕೀಗಳಿಂದ ಶುರುವಾಗುತ್ತದೆ. ಸ್ವರ ಬರೆಯುವ ಐದು ಗೆರೆಗಳು ಬರುವುದು ನಂತರ. ಆಲ್ಫ್ರೆಡ್‌ನವರ 'ಬೇಸಿಕ್ ಪಿಯಾನೋ ಲೈಬ್ರರಿ' 1ಎ ಕೂಡ ಹೀಗೆಯೇ. ಎರಡರಲ್ಲಿ ಒಂದು ಸಾಕು. ಫೇಬರ್‌ನಲ್ಲಿ ಪಾಠ, ಥಿಯರಿ ಅಂತ ಬೇರೆ ಬೇರೆ ಪುಸ್ತಕಗಳಿವೆ. ಮೊದಲು ಪಾಠದ ಪುಸ್ತಕ, ಜೊತೆಗೆ ಥಿಯರಿ ತಗೊಳ್ಳಿ. ಮುಂಬೈ ಧೋಬಿ ತಲಾವ್‌ನ ಫುರ್ಟಾಡೋಸ್ ಸಂಗೀತದ ಅಂಗಡಿ ಕಡೆ ಹೋದರೆ ಮಗಳನ್ನೂ ಕರೆದುಕೊಂಡು ಹೋಗಿ. ನಡುವಿನ ಒಂದು ಪುಟ ತೆಗೆದು ಸ್ವರದ ಹೆಸರು ಹೇಳಿಸಿ ನೋಡಿ.

ಕೊಥ್ರೂಡ್_ರಾಗ:
ಅಕ್ಕಾ, ಮೇಲೆ ಹೇಳಿದ್ದು ಸರಿ. ಒಂದೆರಡು ಹಂತ ಮುಗಿದ ಮೇಲೆ ಬರ್ಗ್‌ಮ್ಯೂಲರ್ ಅನ್ನೋ ಸಂಗೀತಕಾರರ ಓಪಸ್ (ಕೃತಿ ಸಂಖ್ಯೆ) 100 ಕೊಡಿಸಿ. 25 ಪುಟ್ಟ ಅಭ್ಯಾಸಗಳು, ಒಂದೊಂದಕ್ಕೂ ಹೆಸರಿದೆ. ನನ್ನ ತಂಗಿ 'ಅರಬೆಸ್ಕ್' ನುಡಿಸಬೇಕು ಅಂತಲೇ ಬೆಳಿಗ್ಗೆ ಬೇಗ ಏಳುತ್ತಿದ್ದಳು. ಇನ್ನೊಬ್ಬ ಸಂಗೀತಕಾರ ಚೆರ್ನಿಯದು ಬೇಕಾದರೆ ಓಪಸ್ 599 ತಗೊಳ್ಳಿ, ಅದು ಹೊಸಬರಿಗೆ. ಓಪಸ್ 299 ಈಗಲೇ ಬೇಡ, ಅದು ವೇಗದ ಅಭ್ಯಾಸ.

ಡೊಂಬಿವಲಿ_ಅಮ್ಮ:
ಇಬ್ಬರಿಗೂ ಧನ್ಯವಾದ. ಈಗಷ್ಟೇ ಅವಳ ಕ್ಲಾಸಿನ ಹಾಳೆಯಲ್ಲಿ ಸಂಖ್ಯೆ ಮುಚ್ಚಿ ನೋಡಿದೆ. ಸಿ, ಡಿ ಹೇಳಿದಳು. ಇ ಬಂದಾಗ ನನ್ನ ಮುಖ ನೋಡಿದಳು. ಶನಿವಾರ ಧೋಬಿ ತಲಾವ್‌ಗೆ ಹೊರಡುತ್ತೇವೆ.