ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಮಾತ್ರ ಕಪ್ಪು

ಪ್ರಶ್ನೆ:
ನಿನ್ನೆ ರಾತ್ರಿ ಮೊದಲ ಸಲ ನಾನೇ ಪಿಸಿ ಜೋಡಿಸಿದೆ. ರೈಜೆನ್ 7600 ಪ್ರೊಸೆಸರ್, ಬಿ650 ಮದರ್‌ಬೋರ್ಡ್, 16 ಜಿಬಿಯ ಎರಡು ಡಿಡಿಆರ್5 ರ‍್ಯಾಮ್. ಫ್ಯಾನ್‌ಗಳು ತಿರುಗುತ್ತವೆ, ಆದರೆ ಮಾನಿಟರ್‌ನಲ್ಲಿ ಏನೂ ಬರುವುದಿಲ್ಲ. ಬೋರ್ಡ್ ಮೇಲೆ ಡ್ರ್ಯಾಮ್ ಅಂತ ಬರೆದಿರುವ, ರ‍್ಯಾಮ್‌ಗೆ ಸಂಬಂಧಿಸಿದ ಲೈಟ್ ಆರುವುದೇ ಇಲ್ಲ. ಒಂದು ನಿಮಿಷ ಕಾದು ಆಫ್ ಮಾಡಿದೆ, ಹೀಗೆ ನಾಲ್ಕು ಸಲ. ಸಾಕೆಟ್‌ನ ಪಿನ್ ಬಾಗಿಸಿಬಿಟ್ಟೆನಾ ಅಂತ ನಿದ್ದೆಯೇ ಬರಲಿಲ್ಲ.

ಉತ್ತರ:
ಗಾಬರಿ ಬೇಡ. ಅದು ಮೆಮೊರಿ ಟ್ರೇನಿಂಗ್ ಇರಬಹುದು. ಮೊದಲ ಬೂಟ್‌ನಲ್ಲಿ ಬೋರ್ಡ್ ರ‍್ಯಾಮ್ ಜೊತೆ ಟೈಮಿಂಗ್, ವೋಲ್ಟೇಜ್ ಹೊಂದಿಸಿಕೊಳ್ಳುತ್ತದೆ. ಎಎಂ5ನಲ್ಲಿ (ನಿಮ್ಮ ಪ್ರೊಸೆಸರ್ ಕೂರುವ ಸಾಕೆಟ್) ಇದಕ್ಕೆ ಹಲವು ನಿಮಿಷ ಹಿಡಿಯುತ್ತದೆ. ಮಧ್ಯದಲ್ಲಿ ಆಫ್ ಮಾಡಿದರೆ ಮತ್ತೆ ಮೊದಲಿಂದ ಶುರು. ಆನ್ ಮಾಡಿ ಹದಿನೈದು ನಿಮಿಷ ಸುಮ್ನೆ ಬಿಡಿ. ನನಗೂ ಹೀಗೇ ಆಗಿತ್ತು, ಆ ಕಾಯುವ ಹೊತ್ತು ನಿಜಕ್ಕೂ ಕಷ್ಟ.

ಇನ್ನೊಂದು ಉತ್ತರ:
ರ‍್ಯಾಮ್ ಯಾವ ಸ್ಲಾಟ್‌ನಲ್ಲಿದೆ? ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು, ನಾಲ್ಕನೆಯದು. ಕ್ಲಿಕ್ ಅನ್ನುವವರೆಗೆ ಒತ್ತಿ. ಆಗಲೂ ಬರದಿದ್ದರೆ ಒಂದೇ ಸ್ಟಿಕ್ ಹಾಕಿ ನೋಡಿ.

ಪ್ರಶ್ನೆ ಕೇಳಿದವರು:
ಬಂತು! ಸ್ಟಿಕ್‌ಗಳು ಒಂದನೇ, ಮೂರನೇ ಸ್ಲಾಟ್‌ನಲ್ಲಿದ್ದವು. ಬದಲಿಸಿ, ಮುಟ್ಟದೆ ಕಾದೆ. ಏಳನೇ ನಿಮಿಷಕ್ಕೆ ಬಯಾಸ್ (ಬೋರ್ಡ್‌ನ ಸೆಟ್ಟಿಂಗ್ ಪರದೆ) ಬಂತು. ಕಣ್ಣಲ್ಲಿ ನೀರೇ ಬಂತು ನೋಡಿ. ಆದರೆ 6000 ವೇಗದ ರ‍್ಯಾಮ್ ಕಿಟ್ 4800 ಅಂತ ತೋರಿಸುತ್ತಿದೆ, ಸರೀನಾ?

ಉತ್ತರ:
ಸರಿಯಾಗೇ ಇದೆ. ಬಯಾಸ್‌ನಲ್ಲಿ ಎಕ್ಸ್‌ಪೋ (ರ‍್ಯಾಮ್ ಅನ್ನು ಅದರ ಪೂರ್ತಿ ವೇಗಕ್ಕೆ ತರುವ ಸೆಟ್ಟಿಂಗ್) ಆನ್ ಮಾಡಿ. ಮತ್ತೆ ಟ್ರೇನಿಂಗ್ ನಡೆಯಬಹುದು, ಈ ಸಲ ಆಫ್ ಮಾಡಬೇಡಿ.